ಹಳೆಯ ಅರೆಸ್ಟ್ ಒಂದಿದೆ, ಅಮೆರಿಕದ ನರ್ಸಿಂಗ್ ಲೈಸೆನ್ಸ್ ಅರ್ಜಿಯಲ್ಲಿ ಹೇಳಲೇಬೇಕಾ?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿದವಳು. ಕಾಲೇಜಿನಲ್ಲಿದ್ದಾಗ ಒಂದು ಪ್ರತಿಭಟನೆಯಲ್ಲಿ ನಮ್ಮನ್ನೆಲ್ಲ ಅರೆಸ್ಟ್ ಮಾಡಿ, ಸಂಜೆ ಠಾಣೆಯಲ್ಲೇ ಬೇಲ್ ಕೊಟ್ಟು ಬಿಟ್ಟರು. ಆಮೇಲೆ ಪೊಲೀಸರು ಬಿ ರಿಪೋರ್ಟ್ (ಕೇಸು ಮುಂದುವರಿಸುವುದಿಲ್ಲ ಎಂದು ಕೋರ್ಟಿಗೆ ಕೊಡುವ ವರದಿ) ಹಾಕಿದರಂತೆ. ಈಗ ಟೆಕ್ಸಾಸ್‌ಗೆ ಅರ್ಜಿ ಹಾಕಬೇಕು. ಸುಮ್ನಿದ್ದರೆ ಅವರಿಗೆ ಹೇಗೆ ಗೊತ್ತಾಗುತ್ತೆ?

ಉತ್ತರ: ಆ ಕೊನೆಯ ಸಾಲಿಗೇ ಮೊದಲು ಬರುತ್ತೇನೆ. ಲೈಸೆನ್ಸಿಗಾಗಿ ನೀವು ಕೊಡುವ ಬೆರಳಚ್ಚು ಎಫ್‌ಬಿಐಗೆ ಹೋಗುತ್ತದೆ. ಅಲ್ಲಿರುವುದು ಅಮೆರಿಕದ ಕೇಸುಗಳ ದಾಖಲೆ, ಮಂಗಳೂರಿನ ಠಾಣೆಯ ಎಫ್‌ಐಆರ್ ಸಾಮಾನ್ಯವಾಗಿ ಅಲ್ಲಿ ಸಿಗುವುದಿಲ್ಲ. ನಿಜ. ಆದರೆ ನೀವು ತುಂಬುವ ಫಾರಂ ಅದೊಂದೇ ಅಲ್ವಲ್ಲ! ವೀಸಾ ಅರ್ಜಿಯಲ್ಲಿ ಎಂದಾದರೂ ಅರೆಸ್ಟ್ ಆಗಿದ್ದೀರಾ ಎಂದು ನೇರವಾಗಿಯೇ ಕೇಳುತ್ತಾರೆ, ಕ್ಷಮಾದಾನ ಸಿಕ್ಕಿದ್ದರೂ ಹೇಳಬೇಕು. ಇಮಿಗ್ರಂಟ್ ವೀಸಾ ಆದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇರೆ ಬೇಕು. ಮುಖ್ಯವಾದ ವಿಷಯದಲ್ಲಿ ಬೇಕೆಂದೇ ಸುಳ್ಳು ಹೇಳಿದ್ದು ಗೊತ್ತಾದರೆ ವೀಸಾ ಬಾಗಿಲು ಜೀವನಪೂರ್ತಿ ಮುಚ್ಚಬಹುದು. ಕಾಲೇಜು ದಿನಗಳ ಒಂದು ಪ್ರತಿಭಟನೆಗೆ ಇಷ್ಟು ದೊಡ್ಡ ಬೆಲೆ ಯಾಕೆ?

ಇನ್ನು ಲೈಸೆನ್ಸ್. ಅಮೆರಿಕದಲ್ಲಿ ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎಲ್ಲ ರಾಜ್ಯಗಳಿಗೂ ಒಂದೇ, ಬೆಂಗಳೂರಿನಲ್ಲೇ ಬರೆಯಬಹುದು, ಆದರೆ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಬೋರ್ಡ್, ಅವರವರ ಪ್ರಶ್ನೆ ಅವರವರದು. ಕ್ಯಾಲಿಫೋರ್ನಿಯಾದಲ್ಲಿ 2020ರ ಜುಲೈಯಿಂದ ಅರ್ಜಿದಾರರು ಹಳೆಯ ಕೇಸುಗಳನ್ನು ತಾವಾಗಿ ಹೇಳಬೇಕಾಗಿಲ್ಲ, ಬೋರ್ಡ್ ಬೆರಳಚ್ಚಿನಿಂದಲೇ ನೋಡಿಕೊಳ್ಳುತ್ತದೆ. ಅಲ್ಲಿ ಶಿಕ್ಷೆಯಾಗದೆ ಮುಗಿದ ಅರೆಸ್ಟ್ ಒಂದನ್ನೇ ಹಿಡಿದು ಲೈಸೆನ್ಸ್ ನಿರಾಕರಿಸುವಂತಿಲ್ಲ. ಟೆಕ್ಸಾಸ್ ಹಾಗಲ್ಲ. ಅಲ್ಲಿ ಪಟ್ಟಿ ಉದ್ದ: ಶಿಕ್ಷೆ, ಬಾಕಿ ಇರುವ ಕೇಸು, ತಪ್ಪೊಪ್ಪಿಕೊಂಡು ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ನಿಗಾದಲ್ಲಿರುವ ಅವಧಿ) ಮುಗಿಸಿದ ಮೇಲೆ ಕೋರ್ಟು ಕೈಬಿಟ್ಟ ಕೇಸು ಕೂಡ. ಈ ಕೊನೆಯದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಕೇಸು ವಜಾ ಆಯಿತು, ಇನ್ನೇನು ಅಂದುಕೊಳ್ಳುತ್ತಾರೆ, ಅಲ್ಲಿ ನೋಡಿದರೆ ಬೆರಳಚ್ಚಿನ ದಾಖಲೆಯಲ್ಲಿ ಅರೆಸ್ಟ್ ಹಾಗೇ ಕೂತಿರುತ್ತದೆ. ಆಗ ಬೋರ್ಡ್ ತಲೆ ಕೆಡಿಸಿಕೊಳ್ಳುವುದು ಹಳೆಯ ಕೇಸಿನ ಬಗ್ಗೆ ಅಲ್ಲ, ನೀವು "ಇಲ್ಲ" ಎಂದು ಬರೆದದ್ದರ ಬಗ್ಗೆ.

ಹಾಗಾಗಿ ಪ್ರಶ್ನೆಯನ್ನು ಪದ ಪದವಾಗಿ ಓದಿ. ಶಿಕ್ಷೆ ಆಗಿದೆಯಾ ಎಂದು ಮಾತ್ರ ಕೇಳಿದ್ದರೆ ನಿಮ್ಮ ಉತ್ತರ ಇಲ್ಲ. ಅರೆಸ್ಟ್ ಎಂದಿದ್ದರೆ ಹೌದು. ಏಜೆನ್ಸಿಯವರು ತುಂಬಿಕೊಳ್ಳಲಿ ಎಂದು ಬಿಡಬೇಡಿ, ಕೆಳಗಿನ ಸಹಿ ನಿಮ್ಮದು.

ಫಾರಂ ಮುಟ್ಟುವ ಮುಂಚೆ ಒಂದು ಕೆಲಸ ಇದೆ. "ಹಾಕಿದರಂತೆ" ಎಂದಿದ್ದೀರಿ, ಆ ಅಂತೆ ನನಗೆ ಹಿಡಿಸಲಿಲ್ಲ. ಪೊಲೀಸರು ಬಿ ರಿಪೋರ್ಟ್ ಹಾಕಿದರೆ ಸಾಲದು, ಮ್ಯಾಜಿಸ್ಟ್ರೇಟ್ ಅದನ್ನು ಒಪ್ಪಿಕೊಂಡಿರಬೇಕು. ದೂರುದಾರರು ತಕರಾರು ಅರ್ಜಿ ಹಾಕಿದ್ದರೆ ಕೇಸು ಇನ್ನೂ ಜೀವಂತ ಇರಬಹುದು, ಆಗ ಉತ್ತರವೇ ಬದಲಾಗುತ್ತದೆ. ಎಫ್‌ಐಆರ್ ನಂಬರ್ ಹಿಡಿದು ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ, ಸಿಗದಿದ್ದರೆ ಊರಿನ ಒಬ್ಬ ವಕೀಲರ ಮೂಲಕ ಆದೇಶದ ಸರ್ಟಿಫೈಡ್ ಕಾಪಿ ತೆಗೆಸಿ. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಬೇಕು.

ಉತ್ತರ "ಹೌದು" ಆದರೆ ಜೊತೆಗೊಂದು ವಿವರಣೆ ಪತ್ರ ಇಡಬೇಕು. ಅರ್ಧ ಪುಟ ಸಾಕು: ಯಾವ ದಿನ, ಎಲ್ಲಿ, ಯಾವ ಸೆಕ್ಷನ್, ಕೋರ್ಟು ಏನು ಹೇಳಿತು, ಆಮೇಲೆ ಬೇರೆ ಕೇಸು ಇದೆಯೋ ಇಲ್ಲವೋ. ಪೊಲೀಸರನ್ನು ಬೈಯುತ್ತಾ ಎರಡು ಪುಟ ಬರೆಯಬೇಡಿ. ಅಳುವುದೂ ಬೇಡ.

ಡಲ್ಲಾಸ್, ಹ್ಯೂಸ್ಟನ್ ಕಡೆ ಇರುವ ಕನ್ನಡದ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗನೋ ಮಗಳೋ ಹಿಂದೊಮ್ಮೆ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದು, ಈಗ ನರ್ಸಿಂಗ್ ಓದಬೇಕು ಅಂತಿದ್ದರೆ, ಟೆಕ್ಸಾಸ್ ಬೋರ್ಡ್‌ನಲ್ಲಿ ಡಿಕ್ಲರೇಟರಿ ಆರ್ಡರ್ ಎಂಬ ಅರ್ಜಿ ಇದೆ. ಲೈಸೆನ್ಸಿಗೆ ಅರ್ಹತೆ ಇದೆಯೋ ಇಲ್ಲವೋ ಎಂದು ಮೊದಲೇ ತಿಳಿಸುತ್ತಾರೆ. ಕಾಲೇಜಿಗೆ ಫೀಸು ಕಟ್ಟುವ ಮುಂಚೆಯೇ ಅದನ್ನು ಹಾಕಿ.