ಶಕವರ್ಷಕ್ಕೆ 78 ಕೂಡಿಸಿದರೆ ಸಾಕೇ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು. ಆತಕೂರಿನ ಶಾಸನದಲ್ಲಿ ಶಕವರ್ಷ 872 ಎಂದಿದೆ. ಅದಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಾಗೆ ಮಾಡಿದರೆ 950 ಬರುತ್ತದೆ. ಪುಸ್ತಕಗಳಲ್ಲಿ ನೋಡಿದರೆ 949-50 ಎಂದಿದೆ. ಯಾವುದು ಸರಿ? ನಮ್ಮೂರ ದೇವಸ್ಥಾನದ ಕಲ್ಲಿಗೂ ನಾವೇ ಲೆಕ್ಕ ಹಾಕಿಕೊಳ್ಳಬಹುದೇ?

ಉತ್ತರ: ಪುಸ್ತಕದ್ದೇ ಸರಿ. ಮೇಷ್ಟ್ರ ಸೂತ್ರವೂ ತಪ್ಪಲ್ಲ, ಆದರೆ ಅದು ಕೇಳುವುದು ಮುಗಿದ ವರ್ಷಗಳ ಲೆಕ್ಕವನ್ನು. ಮಗುವಿಗೆ ಹತ್ತು ತುಂಬಿ ಹನ್ನೊಂದಕ್ಕೆ ಬಿದ್ದಿದೆ ಎನ್ನುತ್ತೇವಲ್ಲ, ಅದರ ವಯಸ್ಸು ಹತ್ತು ಎಂದರೂ ನಡೆಯುತ್ತದೆ, ಹನ್ನೊಂದು ಎಂದರೂ ನಡೆಯುತ್ತದೆ. ಶಕವರ್ಷಕ್ಕೂ ಇದೇ ಗತಿ. ತುಂಬಿದ ವರ್ಷ 'ಗತ', ನಡೆಯುತ್ತಿರುವ ವರ್ಷ 'ವರ್ತಮಾನ'. 78 ಕೂಡಿಸಬೇಕಾದದ್ದು ಗತವರ್ಷಕ್ಕೆ. ವರ್ತಮಾನ ವರ್ಷವಾಗಿದ್ದರೆ 77.

ಹಾಗಾದರೆ ಕಲ್ಲಿನ ಮೇಲಿರುವುದು ಗತವೋ ವರ್ತಮಾನವೋ? ಆತಕೂರಿನ ಕಲ್ಲು ಇಲ್ಲಿ ಒಂದು ಚೇಷ್ಟೆ ಮಾಡುತ್ತದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯಿಂದಾಗಿ ಹೆಸರಾದ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ 'ಶಕನೃಪಕಾಲಾತೀತ' ಎಂದೇ ಇದೆ. 'ಅತೀತ' ಎಂದರೆ ಕಳೆದದ್ದು, ಅಂದಮೇಲೆ 872 ಗತವರ್ಷವೇ ಆಗಬೇಕು. ಆದರೆ ಅದರ ಬೆನ್ನಿಗೇ 'ಸೌಮ್ಯಮೆಂಬ ಸಂವತ್ಸರಂ' ನಡೆಯುತ್ತಿತ್ತು ಎಂದೂ ಬರೆದಿದೆ. ಸಂಖ್ಯೆಗೂ ಹೆಸರಿಗೂ ತಾಳೆಯಾಗುವುದಿಲ್ಲ.

ತಾಳೆ ನೋಡುವ ಲೆಕ್ಕ ಬೆರಳ ತುದಿಯದು. ಗತ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಪ್ರಭವದಿಂದ ಎಣಿಸಿದರೆ ಶೇಷವೇ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಕೊನೆಯದಾದ ಅಕ್ಷಯ. ನಂಬಿಕೆ ಬರದಿದ್ದರೆ 2025ರ ಯುಗಾದಿಗೆ ಹಚ್ಚಿ ನೋಡಿ: ಶಕ 1947, 12 ಸೇರಿ 1959, ಶೇಷ 39. ಮೂವತ್ತೊಂಬತ್ತನೆಯದು ವಿಶ್ವಾವಸು, ಪಂಚಾಂಗದಲ್ಲಿರುವುದೂ ಅದೇ. ಈಗ ಆತಕೂರು: 872ಕ್ಕೆ 12 ಸೇರಿ 884, ಶೇಷ 44, ಅಂದರೆ ಸಾಧಾರಣ. ಸೌಮ್ಯ 43ನೆಯದು, ಅದು ಬರಬೇಕಾದರೆ ಗತವರ್ಷ 871 ಆಗಬೇಕು. ಅಲ್ಲಿಗೆ 872 ವರ್ತಮಾನ ವರ್ಷ ಎಂದಾಯಿತು, 'ಅತೀತ' ರೂಢಿಯ ಮಾತಾಗಿ ಬಂದು ಕೂತಿದೆ. 949ರ ಚೈತ್ರದಿಂದ 950ರ ಫಾಲ್ಗುಣದವರೆಗೆ ಸೌಮ್ಯ ಸಂವತ್ಸರ. ಪುಸ್ತಕದ 949-50 ಹುಟ್ಟಿದ್ದು ಹೀಗೆ.

ಸಂಖ್ಯೆಯನ್ನು ಬಿಟ್ಟು ಹೆಸರನ್ನು ನಂಬುವುದೇಕೆ? ಸಂವತ್ಸರದ ಹೆಸರು ಯುಗಾದಿಯ ಪಂಚಾಂಗ ಶ್ರವಣದಲ್ಲಿ ಊರಿನವರೆಲ್ಲರ ಕಿವಿಗೆ ಬೀಳುತ್ತಿತ್ತು. ನಡೆಯುತ್ತಿರುವ ಸಂವತ್ಸರದ ಹೆಸರು ತಪ್ಪುವುದು ಕಷ್ಟ. ಶಕಸಂಖ್ಯೆ ಬರೆಯುವವನೊಬ್ಬನ ಲೆಕ್ಕ, ಒಂದು ಹೆಚ್ಚುಕಮ್ಮಿಯಾದರೆ ಕೇಳುವವರಿರಲಿಲ್ಲ. ಒಂದು ಎಚ್ಚರಿಕೆ: ಈ 12ರ ಸೂತ್ರ ಹತ್ತನೆಯ ಶತಮಾನದಿಂದ ಈಚಿನ ಶಾಸನಗಳಿಗೆ ಮಾತ್ರ. ಅದಕ್ಕೂ ಹಿಂದೆ ಗುರುಗ್ರಹದ ಗತಿ ನೋಡಿ ನಡುನಡುವೆ ಒಂದು ಸಂವತ್ಸರವನ್ನು ಹಾರಿಸುತ್ತಿದ್ದರು. ಹಳೆಯ ಗಂಗರ ಕಲ್ಲುಗಳಿಗೆ ಇದನ್ನು ಹಚ್ಚಬೇಡಿ.

ಅಕ್ಷರ ಸವೆದ ಕಲ್ಲಿಗಂತೂ ಇದೇ ಸೂತ್ರ ಆಧಾರ. ಶ್ರವಣಬೆಳಗೊಳದಲ್ಲಿ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಶಾಸನವಿದೆ, ಅದರಲ್ಲಿ ನಮ್ಮ ಮೇಲುಕೋಟೆಯ ಆಚಾರ್ಯರ ಪ್ರಸ್ತಾಪವೂ ಬರುತ್ತದೆ. ಕಾಲ: ಶಕವರ್ಷ 1290, ಕೀಲಕ ಸಂವತ್ಸರ, ಭಾದ್ರಪದ ಶು 10 ಬೃ (ಶುಕ್ಲಪಕ್ಷದ ದಶಮಿ, ಬೃಹಸ್ಪತಿವಾರ). ಇದರಲ್ಲಿ ಹತ್ತರ ಸ್ಥಾನದ ಅಂಕಿ ಅಳಿಸಿಹೋಗಿತ್ತು ಎಂದಿಟ್ಟುಕೊಳ್ಳಿ. ಕೀಲಕ 42ನೆಯದು. ಮೊದಲ ಎರಡಂಕಿ 12, ಕೊನೆಯದು 0 ಎಂದಾಗ ಕೀಲಕಕ್ಕೆ ಕೂಡುವುದು 1230 ಮತ್ತು 1290 ಎರಡೇ. ಒಂದು 1308, ಇನ್ನೊಂದು 1368. 1308ರಲ್ಲಿ ಆಳುತ್ತಿದ್ದವನು ಹೊಯ್ಸಳರ ಮೂರನೆಯ ಬಲ್ಲಾಳ. ಬುಕ್ಕನ ಹೆಸರಿರುವುದರಿಂದ ಉಳಿಯುವುದು 1290.

ವರ್ಷ ಸಿಕ್ಕಮೇಲೆ ತಿಂಗಳು. ಗತವರ್ಷಕ್ಕೆ ಚೈತ್ರದಿಂದ ಮಾರ್ಗಶಿರದವರೆಗೆ 78. ಫಾಲ್ಗುಣಕ್ಕೆ 79, ಅಷ್ಟರಲ್ಲಿ ಜನವರಿ 1 ದಾಟಿರುತ್ತದೆ. ಪುಷ್ಯ ಮತ್ತು ಮಾಘದ ಆರಂಭ ಆಚೆಗೂ ಬೀಳಬಹುದು, ಈಚೆಗೂ ಬೀಳಬಹುದು. ಎಡವುವುದು ಉತ್ತರಾಯಣ ಸಂಕ್ರಮಣದ ದಾನಗಳಲ್ಲಿ. ಈಗ ಜನವರಿ 14ಕ್ಕೆ ಬರುವ ಸಂಕ್ರಾಂತಿ ಹೊಯ್ಸಳರ ಕಾಲದಲ್ಲಿ ಡಿಸೆಂಬರ್ 25ರ ಆಸುಪಾಸಿನಲ್ಲಿತ್ತು. ಈಗಿನ ಅಂದಾಜಿನಲ್ಲಿ 79 ಕೂಡಿಸಿದರೆ ಒಂದು ವರ್ಷವೇ ಕೆಟ್ಟಿತು.

ಕೊನೆಯ ಪರೀಕ್ಷೆ ವಾರದ್ದು. ಬುಕ್ಕನ ಶಾಸನದ ತಿಥಿ 1368ರ ಆಗಸ್ಟ್ 24ಕ್ಕೆ ಬೀಳುತ್ತದೆ, ಆ ದಿನ ಗುರುವಾರ. ಕಲ್ಲಿನ 'ಬೃ' ಎಂದರೆ ಬೃಹಸ್ಪತಿವಾರ, ಸರಿಹೋಯಿತು. ಆದರೆ ಇದೇ ತಾರೀಖನ್ನು ಮೊಬೈಲಿಗೆ ಹಾಕಿದರೆ ಬುಧವಾರ ಎನ್ನಬಹುದು. ತಪ್ಪು ಮೊಬೈಲಿನದಲ್ಲ. ಹಳೆಯ ತಾರೀಖುಗಳನ್ನು ವಿದ್ವಾಂಸರು ಕೊಡುವುದು ಜೂಲಿಯನ್ ಪದ್ಧತಿಯಲ್ಲಿ, ಮೊಬೈಲು ಎಣಿಸುವುದು ಸಾಮಾನ್ಯವಾಗಿ ಈಗಿನ ಕ್ಯಾಲೆಂಡರಿನ ಗ್ರೆಗೋರಿಯನ್ ಪದ್ಧತಿಯಲ್ಲಿ. ಹದಿನಾಲ್ಕನೆಯ ಶತಮಾನದಲ್ಲಿ ಇವೆರಡಕ್ಕೂ 8 ದಿನಗಳ ಅಂತರ. ಸೆಪ್ಟೆಂಬರ್ 1 ಎಂದು ಹಾಕಿ, ಗುರುವಾರ ಬರುತ್ತದೆ.

ವಾರ ಕೂಡದಿದ್ದರೆ ಶಾಸನವೇ ಸುಳ್ಳು ಎಂದು ಹಾರಬೇಡಿ. ತಿಥಿ ಸೂರ್ಯೋದಯಕ್ಕೇ ಶುರುವಾಗುವುದಿಲ್ಲ, 24 ಗಂಟೆಯೇ ಇರುವುದೂ ಇಲ್ಲ, ಹಾಗಾಗಿ ಒಂದು ದಿನದ ವ್ಯತ್ಯಾಸ ಸಹಜ. ಅಧಿಕಮಾಸವನ್ನು ಗಮನಿಸದೆ ಲೆಕ್ಕ ಹಾಕಿದರೂ ವಾರ ತಪ್ಪುತ್ತದೆ. ಎಷ್ಟೋ ಸಲ ತಪ್ಪಿರುವುದು ನಮ್ಮ ಓದು. ಸವೆದ ಕಲ್ಲಿನಲ್ಲಿ 'ಬೃ' ಮತ್ತು ಬುಧವಾರದ 'ಬು' ಒಂದೇ ಥರ ಕಾಣುತ್ತವೆ. 'ಶು' ತಿಥಿಯ ಅಂಕಿಗೆ ಮೊದಲು ಬಂದರೆ ಶುಕ್ಲಪಕ್ಷ, ಅಂಕಿಯ ನಂತರ ಬಂದರೆ ಶುಕ್ರವಾರ. 'ಬ' ಬಹುಳ, ಅಂದರೆ ಕೃಷ್ಣಪಕ್ಷ. ತಿಥಿ ಶೋಧಿಸಲು ಸ್ವಾಮಿಕಣ್ಣು ಪಿಳ್ಳೆಯವರ 'ಇಂಡಿಯನ್ ಎಫೆಮೆರಿಸ್' ಇದೆ. ಕ್ರಿಸ್ತಶಕ 700ರಿಂದ 1799ರವರೆಗಿನ ಲೆಕ್ಕ ಅದರಲ್ಲಿ ಸಿದ್ಧವಾಗಿದೆ.

ಇಷ್ಟೆಲ್ಲ ಗುದ್ದಾಡುವ ಮೊದಲು ನಿಮ್ಮೂರ ಶಾಸನ ಈಗಾಗಲೇ ಅಚ್ಚಾಗಿದೆಯೇ ನೋಡಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿದ ಶಾಸನಸಂಗ್ರಹ 'ಎಪಿಗ್ರಾಫಿಯ ಕರ್ನಾಟಿಕ'ದ 7ನೆಯ ಸಂಪುಟದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲ ತಾಲ್ಲೂಕುಗಳಿವೆ. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ 6ನೆಯದರಲ್ಲಿವೆ. ಇದರ ಹಳೆಯ ಆವೃತ್ತಿಯಾದ ಬಿ. ಎಲ್. ರೈಸ್ ಅವರ 1894ರ ಸಂಪುಟ ಸಿಕ್ಕಿದರೆ ಮೈಸೂರು ಜಿಲ್ಲೆ ಎಂದೇ ಹುಡುಕಿ, ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ.

ಅಚ್ಚಾಗಿರದಿದ್ದರೆ ಮೈಸೂರಿನಲ್ಲೇ ಇರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೆ ಫೋಟೋ ಕಳಿಸಿ. ಅಕ್ಷರ ಎದ್ದು ಕಾಣಲಿ ಎಂದು ಸುಣ್ಣ, ಬಣ್ಣ, ಎಣ್ಣೆ ಬಳಿಯಬೇಡಿ, ಕಲ್ಲು ಕೆರೆಯಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ಒರಗಿಸಿ ಓರೆಯಾಗಿ ಬೆಳಕು ಬಿಡಿ, ಹಗಲಿನಲ್ಲಿ ಕಾಣದ ಗೀರುಗಳೂ ನೆರಳಿನಲ್ಲಿ ಎದ್ದು ಬರುತ್ತವೆ. ಬೆಳಕನ್ನು ಎಡದಿಂದ ಬಿಟ್ಟೊಂದು, ಬಲದಿಂದ ಬಿಟ್ಟೊಂದು, ಮೇಲಿನಿಂದ ಬಿಟ್ಟೊಂದು ಫೋಟೋ ತೆಗೆಯಿರಿ. ಶಕವರ್ಷ, ಸಂವತ್ಸರ, ವಾರ ಇರುವ ಸಾಲನ್ನು ಹತ್ತಿರದಿಂದ ಬೇರೆಯಾಗಿ ತೆಗೆಯಿರಿ.