ಕೂಸಿನ ಗಂಟಲಿಗೆ ಅಲ್ಟ್ರಾಸೌಂಡ್: ಏನು ಕಾಣುತ್ತೆ, ಏನು ಕಾಣಲ್ಲ

"ಮಗು ಉಸಿರು ಎಳ್ಕೊಂಡಾಗ ಕೊರ್ ಅಂತದೆ, ಅಂಗಾತ ಮಲಗಿಸಿದ್ರೆ ಇನ್ನೂ ಜಾಸ್ತಿ." ಮುಳಬಾಗಿಲು, ಮಾಲೂರು ಕಡೆಯಿಂದ ಕೋಲಾರದ ಆಸ್ಪತ್ರೆಗಳಿಗೆ ಬರುವ ತಾಯಂದಿರು ಹೇಳೋದು ಹೀಗೆ. ಪ್ರೋಬ್ (ಚರ್ಮದ ಮೇಲಿಡುವ ಸ್ಕ್ಯಾನ್ ಹಿಡಿಕೆ) ಕೈಗೆ ತಗೊಳ್ಳುವ ಮೊದಲು ಈ ಮಾತನ್ನು ಪೂರ್ತಿ ಕೇಳಿ. ಎಳೆಯುವಾಗ ಮಾತ್ರ ಸದ್ದಿದ್ದರೆ ತೊಂದರೆ ಧ್ವನಿತಂತುಗಳ ಹತ್ತಿರವೋ ಮೇಲೋ ಇರಬಹುದು. ಬಿಡುವಾಗಲೂ ಬಂದರೆ ತಂತುಗಳ ಕೆಳಗೂ ಹುಡುಕಬೇಕು. ಅಳುವ ದನಿಯೇ ಕ್ಷೀಣವಾಗಿದ್ದರೆ, ತಂತುಗಳು ಎರಡೂ ಆಡುತ್ತಿವೆಯಾ ಅಂತ ನೋಡಬೇಕು. ಅಲ್ಟ್ರಾಸೌಂಡ್‌ನ ನಿಜವಾದ ಶಕ್ತಿ ಇರೋದು ಇಲ್ಲೇ.

ವಯಸ್ಸಾದವರ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯಲ್ಲಿ ಸುಣ್ಣದಂಶ ಸೇರಿ ಅಲೆಗಳು ಒಳಗೆ ಹೋಗಲ್ಲ. ಕೂಸಿನದು ಇನ್ನೂ ಮೆತ್ತಗಿರುತ್ತೆ, ಚಿತ್ರ ಸ್ಪಷ್ಟವಾಗಿ ಬರುತ್ತೆ. ವಿಕಿರಣವಿಲ್ಲ, ನಿದ್ದೆ ಮದ್ದೂ ಬೇಡ.

ಭುಜದ ಕೆಳಗೆ ಬಟ್ಟೆಯ ಸುರುಳಿ ಇಟ್ಟು ಕತ್ತನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ. ಜೆಲ್ ಬೆಚ್ಚಗಿರಲಿ. ಹೈ ಫ್ರೀಕ್ವೆನ್ಸಿಯ ಸಣ್ಣ ಲೀನಿಯರ್ ಪ್ರೋಬನ್ನು ಥೈರಾಯ್ಡ್ ಮೃದ್ವಸ್ಥಿಯ (ಧ್ವನಿಪೆಟ್ಟಿಗೆಯ ಮುಂಭಾಗದ ಮೆದು ಮೂಳೆ) ಮೇಲೆ ಅಡ್ಡಡ್ಡ ಇಡಿ, ಒತ್ತಬೇಡಿ. ತಲೆಕೆಳಗಾದ 'ವಿ' ಆಕಾರ ಕಾಣುತ್ತೆ. ನಿಜವಾದ ತಂತು ಸ್ನಾಯುವಾದ್ದರಿಂದ ಕಪ್ಪಗಿರುತ್ತೆ, ಒಳ ಅಂಚಿನಲ್ಲಿ ಬೆಳ್ಳಗಿನ ಗೆರೆ. ಅದರ ಮೇಲಿನ ಹುಸಿ ತಂತುವಿನಲ್ಲಿ ಕೊಬ್ಬಿರುವುದರಿಂದ ಅದು ಬೆಳ್ಳಗೆ. ಹಿಂದುಗಡೆ ಅರಿಟಿನಾಯ್ಡ್‌ಗಳ ಜೋಡಿ, ಅಂದರೆ ತಂತುಗಳ ಹಿಂತುದಿ ಅಂಟಿಕೊಂಡಿರುವ ಸಣ್ಣ ಮೃದ್ವಸ್ಥಿಗಳು. ತಂತು ಸರಿಯಾಗಿ ಕಾಣದಿದ್ದರೆ ಇವುಗಳ ಓಡಾಟವನ್ನೇ ನೋಡಿ.

ಅಳುವಾಗ ತಂತುಗಳು ಕೂಡುತ್ತವೆ, ಉಸಿರು ಎಳೆಯುವಾಗ ಬಿಚ್ಚುತ್ತವೆ. ಒಂದು ಕಡೆ ಸುಮ್ನೆ ನಿಂತಿದ್ದರೆ ಆ ತಂತುವಿನ ಪಾರ್ಶ್ವವಾಯು ಅನುಮಾನಿಸಿ. ಪಿಡಿಎ (ಹೃದಯದ ಬಳಿಯ ಡಕ್ಟಸ್ ಎಂಬ ರಕ್ತನಾಳ ಹುಟ್ಟಿದ ಮೇಲೂ ಮುಚ್ಚದೆ ಉಳಿಯೋದು) ಶಸ್ತ್ರಚಿಕಿತ್ಸೆ ಆದ ಮಗುವಾದರೆ ಎಡಗಡೆಯನ್ನು ವಿಶೇಷವಾಗಿ ನೋಡಿ. ಎಡ ತಂತುವನ್ನು ಆಡಿಸುವ ರಿಕರೆಂಟ್ ಲಾರಿಂಜಿಯಲ್ ನರ ಮಹಾಪಧಮನಿಯ ಕೆಳಗೆ, ಆ ಡಕ್ಟಸ್‌ನ ಪಕ್ಕದಲ್ಲೇ ಸುತ್ತಿ ಮೇಲೆ ಬರುತ್ತೆ. ಹಾಗಂತ ಅಳು ಚೆನ್ನಾಗಿದೆ ಅಂತ ನಿರಾಳ ಆಗಬೇಡಿ. ಎರಡೂ ತಂತು ನಿಂತುಹೋಗಿದ್ದರೂ ದನಿ ಸರಿಯಿರಬಹುದು, ಉಸಿರಿಗೇ ಕಷ್ಟ.

ತಂತುಗಳ ಕೆಳಗೆ ಗಡ್ಡೆ ಕಂಡರೆ, ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿ. ರಕ್ತದ ಓಡಾಟ ಜೋರಾಗಿದ್ದರೆ ಹಿಮಾಂಜಿಯೋಮಾ (ರಕ್ತನಾಳಗಳ ಗಡ್ಡೆ) ಇರಬಹುದು. ಹುಟ್ಟಿದಾಗ ಸುಮ್ಮನಿದ್ದು ಕೆಲವು ವಾರಗಳಾದ ಮೇಲೆ ಸದ್ದು ಶುರುವಾಗೋದು ಇದರ ರೀತಿ. ಇದಕ್ಕೆ ಈಗ ಪ್ರೊಪ್ರಾನೊಲಾಲ್ ಅನ್ನೋ ಹೃದಯ, ಬಿಪಿ ಔಷಧ ಕೊಡುತ್ತಾರೆ. ಅದು ಈ ಗಡ್ಡೆಯನ್ನು ಕುಗ್ಗಿಸುತ್ತೆ ಅಂತ ಗೊತ್ತಾದದ್ದು 2008ರಲ್ಲಿ.

ಇನ್ನು ಕಾಣದ್ದು. ಅಲೆ ಗಾಳಿಯನ್ನು ದಾಟಲ್ಲ, ಶ್ವಾಸನಾಳದ ಹಿಂಗೋಡೆ ಮರೆಯಾಗಿಯೇ ಉಳಿಯುತ್ತೆ. ಕೂಸುಗಳ ಕೊರ್ ಸದ್ದಿಗೆ ಅತಿ ಸಾಮಾನ್ಯ ಕಾರಣ ಲಾರಿಂಗೋಮಲೇಶಿಯಾ. ಮೇಲ್ಭಾಗದ ಮೆತ್ತನೆ ಅಂಗಾಂಶ ಉಸಿರಿನ ಜೊತೆ ಒಳಕ್ಕೆ ಕುಸಿಯೋದು ಅದು. ಅದನ್ನು ಖಚಿತಪಡಿಸೋಕೆ ಇವತ್ತಿಗೂ ಫ್ಲೆಕ್ಸಿಬಲ್ ಸ್ಕೋಪೇ (ಗಂಟಲೊಳಗೆ ಇಳಿಸಿ ನೋಡುವ ಬಾಗುವ ಕ್ಯಾಮೆರಾ ಕೊಳವೆ) ಬೇಕು. ಮಗು ಎದೆ ಗುಳಿಬಿದ್ದು ಉಸಿರಾಡುತ್ತಿದ್ದರೆ, ನೀಲಿಗಟ್ಟಿದರೆ ಸ್ಕ್ಯಾನ್ ಆಮೇಲೆ, ಉಸಿರುದಾರಿ ಮೊದಲು.

ವರದಿಗೆ ಒಂದೇ ಚಿತ್ರ ಅಂಟಿಸಿ ಕಳಿಸೋದರಿಂದ ಏನೂ ತಿಳಿಯಲ್ಲ. ನಾಲ್ಕಾರು ಉಸಿರಿನ ವಿಡಿಯೋ ಉಳಿಸಿಕೊಳ್ಳಿ, ಸ್ಕ್ಯಾನ್ ಮಾಡುವಾಗಲೇ ಒಬ್ಬರು ಮಗುವಿನ ಹೊಟ್ಟೆ ನೋಡುತ್ತಾ "ಎಳೀತು, ಬಿಡ್ತು" ಅಂತ ಹೇಳುತ್ತಿರಲಿ. ಉಸಿರು ಎಳೀತಾ ಬಿಡ್ತಾ ಅಂತ ಗೊತ್ತಿಲ್ಲದಿದ್ದರೆ, ನಿಂತುಹೋದ ತಂತು ಗಾಳಿಯ ಎಳೆತಕ್ಕೆ ಒಳಗೆ ಸರಿದಾಗ ಅದೂ ಓಡಾಟದಂತೆಯೇ ಕಾಣುತ್ತೆ, ಅಲ್ವಾ?