"ಯಾವ ಮಾಡಲ್ರೀ?"

ಗೋಕುಲ ರಸ್ತೆಯ ನಮ್ಮ ಶೆಡ್ಡಿಗೆ ಹಳೇ ಗಾಡಿ ತೋರಿಸಲು ಬರುವವರೆಲ್ಲ ಒಂದೇ ಮಂತ್ರ ಹೇಳುತ್ತಾರೆ. "2016ರ ಮಾಡಲ್ ಐತ್ರಿ, ಒಂದೂವರೆ ಲಕ್ಷ ಓಡೇತ್ರಿ. ಎಷ್ಟಕ್ಕ ತಗೋಬಹುದ್ರಿ?" ಇಷ್ಟರಲ್ಲೇ ಬೆಲೆ ಹೇಳಲು ನಾನೇನು ಜ್ಯೋತಿಷಿನಾ?

ನೇವಿಯ ಇಂಜಿನ್ ರೂಮಿನಲ್ಲಿ 15 ವರ್ಷ ಕಳೆದವನು ನಾನು. ಉದಾಹರಣೆ ಕೊಡಬೇಕಾದಾಗ ಬಾಯಿಗೆ ಹಡಗೇ ಬರುತ್ತದೆ. ಗಿರಾಕಿಗಳು ನಗುತ್ತಾರೆ, ನಗಲಿ. ಯುದ್ಧನೌಕೆಗಳೂ ಸೆಕೆಂಡ್ ಹ್ಯಾಂಡ್ ಆಗಿ ಕೈ ಬದಲಾಯಿಸುತ್ತವೆ. ಅಮೆರಿಕದ 'ಮ್ಯಾಕಿನರ್ನಿ' 1979ರ ಡಿಸೆಂಬರಿನಲ್ಲಿ ಸೇವೆಗೆ ಸೇರಿತು. ಹಣೆಪಟ್ಟಿ 'ಗೈಡೆಡ್ ಮಿಸೈಲ್ ಫ್ರಿಗೇಟ್', ಅಂದರೆ ಗುರಿ ಹಿಡಿದು ಹೋಗುವ ಮಿಸೈಲ್ ಹಾರಿಸುವ ಮಧ್ಯಮ ಗಾತ್ರದ ಯುದ್ಧನೌಕೆ. 2010ರ ಆಗಸ್ಟಿನಲ್ಲಿ ಅದು ಪಾಕಿಸ್ತಾನದ 'ಆಲಂಗೀರ್' ಆಯಿತು. ಆ ಹೊತ್ತಿಗೆ ಅದರ ಮೂತಿಯ ಮೇಲೆ ಮಿಸೈಲ್ ಲಾಂಚರೇ ಇರಲಿಲ್ಲ! ಇದರಲ್ಲಿ ಮೋಸವೇನಿಲ್ಲ. ಆ ಲಾಂಚರ್ ಹಾರಿಸುತ್ತಿದ್ದ ಮಿಸೈಲಿಗೆ ವಯಸ್ಸಾಗಿತ್ತು, 2003ರಿಂದೀಚೆಗೆ ಅಮೆರಿಕದವರೇ ಅದನ್ನು ಬಿಚ್ಚಿಟ್ಟಿದ್ದರು. ಹಣೆಪಟ್ಟಿ ಮಾತ್ರ ಹಾಗೇ ಉಳಿಯಿತು.

ಅದೇ ಮಾದರಿಯ 'ಮೆಲ್ಬರ್ನ್' ಮತ್ತು 'ನ್ಯೂಕ್ಯಾಸಲ್' ನೌಕೆಗಳು ಆಸ್ಟ್ರೇಲಿಯಾದಲ್ಲಿದ್ದವು. ಅವರು ಲಾಂಚರ್ ಬಿಚ್ಚಲಿಲ್ಲ, ಅದಕ್ಕೇ ಹೊಸ ಮಿಸೈಲ್ ಹೊಂದಿಸಿಕೊಂಡರು. 2020ರಲ್ಲಿ ಎರಡೂ ಚಿಲಿ ದೇಶಕ್ಕೆ ಹೋದವು. ಮಾಡಲ್ ಒಂದೇ ಅಲ್ವಾ? ಆದರೂ ಒಂದರಲ್ಲಿ ಲಾಂಚರ್ ಇಲ್ಲ, ಇನ್ನೆರಡರಲ್ಲಿ ಇದೆ.

ಇಲ್ಲಿ ಸ್ವಲ್ಪ ನಿಧಾನ ಕೇಳಿ. ಹಡಗಿಗೆ ಒಂದೇ ವಯಸ್ಸು ಅಂತ ಇರಲ್ಲ. ಈ ಫ್ರಿಗೇಟಿಗೆ ಎರಡು ಗ್ಯಾಸ್ ಟರ್ಬೈನ್, ಅಂದರೆ ವಿಮಾನದ ಜೆಟ್ ಥರದ ಇಂಜಿನ್, ಒಂದೇ ಪ್ರೊಪೆಲರ್. ಟರ್ಬೈನ್ ದಣಿದರೆ ಗಾಳಿ ಒಳಗೆ ಬರುವ ದಾರಿಯಲ್ಲೇ ಅದನ್ನು ಮೇಲೆತ್ತಿ, ಬೇರೆಯದನ್ನು ಇಳಿಸುತ್ತಾರೆ. ಒಡಲಿಗೆ 30 ವರ್ಷ, ಟರ್ಬೈನಿಗೆ ಒಂದು ವರ್ಷ ಆಗಿರಬಹುದು. ನಿಮ್ಮ ಲಾರಿಯದೂ ಇದೇ ಕಥೆ. ಚಾಸಿಸ್ ಒಂದು ಕಾಲದ್ದು, ಗೇರ್ ಬಾಕ್ಸ್ ಇನ್ನೊಂದು ಕಾಲದ್ದು, ಮೀಟರ್ ಯಾವ ಕಾಲದ್ದೋ ದೇವರಿಗೇ ಗೊತ್ತು. ಯಾವ ಭಾಗ ಯಾವಾಗ ಬಿಚ್ಚಿದರು, ಏನು ಹಾಕಿದರು, ಬಿಲ್ ಎಲ್ಲಿ? ಕೇಳಬೇಕಾದ್ದು ಇದು.

"ಆಕ್ಸಿಡೆಂಟ್ ಗಾಡಿ ಮುಟ್ಟೂದಿಲ್ರಿ" ಅನ್ನುವವರಿಗೆ 'ಸ್ಯಾಮುಯೆಲ್ ಬಿ. ರಾಬರ್ಟ್ಸ್' ಕಥೆ ಹೇಳುತ್ತೇನೆ. ಅದೂ ಇದೇ ಜಾತಿಯ ಹಡಗು. 1988ರ ಏಪ್ರಿಲಿನಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಮೈನ್, ಅಂದರೆ ಸಮುದ್ರದಲ್ಲಿ ಇಟ್ಟ ಬಾಂಬು, ಬಡಿದು ಬೆನ್ನುಮೂಳೆಯೇ ಮುರಿದಿತ್ತು. 315 ಟನ್ನಿನ ಹೊಸ ಇಂಜಿನ್ ರೂಮ್ ಭಾಗವನ್ನೇ ಕಟ್ಟಿ, ಕೆಳಗಿನಿಂದ ಎತ್ತಿ ಕೂರಿಸಿದರು. ಆಮೇಲೆ 2015ರವರೆಗೆ ದುಡಿಯಿತು. ಹಾಗಂತ ಆಕ್ಸಿಡೆಂಟ್ ಗಾಡಿ ಕೊಳ್ಳಿ ಅಂತ ನಾನು ಹೇಳಿದೆ ಅನ್ನಬೇಡಿ. ರಿಪೇರಿಯ ಕಾಗದ ಪೂರ್ತಿ ಇದ್ದರೆ, ಲಿಫ್ಟಿಗೆ ಏರಿಸಿ ನೋಡಿದ ಮೇಲೆ, ಯೋಚನೆ ಮಾಡಬಹುದು. ಅಷ್ಟೇ.

ಹೋದ ವರ್ಷ ಬ್ಯಾಡಗಿಯ ವ್ಯಾಪಾರಿಯೊಬ್ಬರು ಲಾರಿ ತಂದಿದ್ದರು. ಹೊಸ ಬಣ್ಣ, ಮುಂದೆ ನಿಂಬೆಹಣ್ಣು. ಮಾರುವವನು ಪಕ್ಕದಲ್ಲೇ ನಿಂತಿದ್ದ. "ಬರೇ ಮೆಣಸಿನಕಾಯಿ ಹೊತ್ತೈತ್ರಿ, ಹಗುರ ಲೋಡು" ಅಂದ. ಮೆಣಸಿನಕಾಯಿ ಜಾಗ ತಿನ್ನುತ್ತೆ, ತೂಕ ಜಾಸ್ತಿ ಇರಲ್ಲ, ನಿಜ. ನಾನು ಕೆಳಗೆ ತೂರಿಕೊಂಡು ಚಾಸಿಸ್ಸಿನ ತೂತಿಗೆ ಬೆರಳು ಹಾಕಿದೆ. ಮರಳು. ನುಣ್ಣನೆಯ ಹೊಳೆ ಮರಳು. ಹಿಂದಿನ ಸ್ಪ್ರಿಂಗಿಗೆ ಎರಡು ಪಟ್ಟಿ ಜಾಸ್ತಿ ಸೇರಿಸಿದ್ದರು, ಅವುಗಳ ಬಣ್ಣವೇ ಬೇರೆ. ಮೆಣಸಿನಕಾಯಿ ಹೊರಲು ಎರಡು ಪಟ್ಟಿ ಯಾಕಪ್ಪಾ ಅಂದೆ. ಅವನು ಫೋನ್ ಬಂತು ಅಂತ ಆಚೆ ಹೋದ.

ನಾನು ಬೇಡ ಅಂದಿದ್ದೆ. ಆದರೂ ಅವರು ಬೆಲೆ ಇಳಿಸಿ ಕೊಂಡೇಬಿಟ್ಟರು, ಸ್ಪ್ರಿಂಗ್ ಸೆಟ್ ಪೂರ್ತಿ ಬದಲಾಯಿಸಿದರು. ಈಗ ಆಯಿಲ್ ಬದಲಿಸಿದ ಬಿಲ್ಲನ್ನೂ ಬಿಡದೆ ಒಂದು ಬಿಸ್ಕತ್ ಡಬ್ಬಿಯಲ್ಲಿ ಇಡುತ್ತಾರೆ. ಮೂರು ತಿಂಗಳಿಗೊಮ್ಮೆ ತಂದು ನನ್ನ ಟೇಬಲ್ಲಿನ ಮೇಲೆ ತೆರೆಯುತ್ತಾರೆ. ಮುಚ್ಚಳ ತೆಗೆದ ಕೂಡಲೇ ಶೆಡ್ಡಿನಲ್ಲಿ ಇದ್ದವರಿಗೆಲ್ಲ ಸೀನು.